ಅರ್ಧ ಇಂಚು ಹೆಚ್ಚಿದ್ದ ರೆಕ್ಕೆ

ಹೆಲಿಕಾಪ್ಟರಿನಂತೆ ನಿಂತಲ್ಲಿಂದಲೇ ನೆಟ್ಟಗೆ ಮೇಲೇಳಬೇಕು. ಎದ್ದ ಮೇಲೆ ರೆಕ್ಕೆಯ ತುದಿಗಳಲ್ಲಿರುವ ಎರಡು ಪಂಖಗಳನ್ನು ಮುಂದಕ್ಕೆ ಬಾಗಿಸಿಕೊಂಡು ವಿಮಾನದಂತೆ ಓಡಬೇಕು. ಇಂಥದೊಂದು ಯಂತ್ರವನ್ನು ಅಮೆರಿಕದವರು ಮಾಡುತ್ತಿದ್ದಾರೆಂದು ಮೊದಲ ಸಲ ಕೇಳಿದಾಗ, ಇದನ್ನು ಯೋಚಿಸಿದವನಿಗೆ ಎರಡು ಮನೆಯ ಊಟ ಬೇಕು, ಒಂದು ಮನೆಯ ಪಾತ್ರೆಯನ್ನೂ ತೊಳೆಯಲು ಮನಸ್ಸಿಲ್ಲ ಎಂದುಕೊಂಡೆ. ಆ ಅಭಿಪ್ರಾಯ ಈಗಲೂ ಹೆಚ್ಚು ಬದಲಾಗಿಲ್ಲ. ಬದಲಾಗಿದ್ದು ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ.

ಆಗ ನಾನು ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯಲ್ಲಿ ಡ್ರಾಫ್ಟ್ಸ್‌ಮನ್. ಹೆಸರು ಹೇಳಿದರೆ ಥಟ್ಟನೆ ನೆನಪಾಗುವಂಥ ಕಾರ್ಖಾನೆಯಲ್ಲ. ತಗಡಿನ ಮಾಡಿನ ನಾಲ್ಕು ಶೆಡ್ಡುಗಳು. ಕಬ್ಬಿನ ಗಾಣದ ಹಲ್ಲುಚಕ್ರ, ಅಕ್ಕಿ ಗಿರಣಿಯ ಬಿಡಿಭಾಗ, ಚರಂಡಿಯ ಮುಚ್ಚಳ ಇವನ್ನೆಲ್ಲ ಎರಕ ಹುಯ್ಯುತ್ತಿದ್ದೆವು. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಬಸ್ಸು ಕೆಟ್ಟರೆ ಏನು ಮಾಡುವುದು ಎಂದು ಹೋಗುವಾಗ ಯೋಚಿಸುತ್ತಿದ್ದೆ. ಕೆಡದೆ ತಲುಪಿದರೆ, ಬರುವಾಗ ಕೆಡಲಿಕ್ಕೆಂದೇ ಈಗ ಕೆಡಲಿಲ್ಲ ಎಂದು ಯೋಚಿಸುತ್ತಿದ್ದೆ.

ಫೌಂಡ್ರಿಯ ಯಜಮಾನರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಂಡಿ ಇತ್ತು. ವಾರಕ್ಕೆ ಎರಡು ಸಲ ಕಾರಿನಲ್ಲಿ ಬಂದು, ಕುಲುಮೆಯ ಹತ್ತಿರ ನಿಂತು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಎಲ್ಲ ನಡೆಯುತ್ತಿತ್ತು. ಕೆಟ್ಟದ್ದು ಅವರ ಅಳಿಯ ಬಂದ ಮೇಲೆ. ಅಳಿಯಂದಿರು ಹನ್ನೊಂದು ತಿಂಗಳು ವಿದೇಶದಲ್ಲಿ ಇದ್ದು ಬಂದಿದ್ದರು. ಅಲ್ಲಿ ಏನು ಓದಿದರೋ ನಮಗೆ ಕೊನೆಗೂ ತಿಳಿಯಲಿಲ್ಲ. ಪೈಪು ಸೇದುವುದನ್ನಂತೂ ಚೆನ್ನಾಗಿ ಕಲಿತು ಬಂದಿದ್ದರು. ಮಾವ ಅವರನ್ನು ಫೌಂಡ್ರಿಯ ಇಂಜಿನಿಯರ್ ಮಾಡಿದರು. ಚರಂಡಿ ಮುಚ್ಚಳ ನೋಡಿದರೆ ಅವರಿಗೆ ಅವಮಾನವಾಗುತ್ತಿತ್ತು.

ಒಂದು ಬೆಳಿಗ್ಗೆ ವಿದೇಶಿ ಪತ್ರಿಕೆಯೊಂದನ್ನು ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ಹಾಸಿ ಬೆರಳಿಟ್ಟು ತೋರಿಸಿದರು.

"ನೋಡ್ರೀ, ಇದು ಫ್ಯೂಚರ್ರು. ಶಿವಮೊಗ್ಗದ ವಸ್ತುಪ್ರದರ್ಶನಕ್ಕೆ ಇನ್ನು ಹತ್ತು ವಾರ ಇದೆ. ನಮ್ಮ ಸ್ಟಾಲಲ್ಲಿ ಇದರ ವರ್ಕಿಂಗ್ ಮಾಡೆಲ್ ಇರ್ಬೇಕು. ಎಂಟಡಿ ರೆಕ್ಕೆ."

"ಅಳತೆ ಎಲ್ಲಿದೆ ಸಾರ್?"

"ಫೋಟೋ ಇದೆಯಲ್ರೀ. ಫೋಟೋದಿಂದ ತಕ್ಕೊಳಿ."

ಫೋಟೋವನ್ನು ಓರೆಯಿಂದ ತೆಗೆದಿದ್ದರು. ಅದರಲ್ಲಿ ಎಡರೆಕ್ಕೆ ಬಲರೆಕ್ಕೆಗಿಂತ ಹೆಬ್ಬೆರಳಿನಷ್ಟು ಗಿಡ್ಡ. ಇದನ್ನು ಹೇಳಿದೆ. "ನೀವು ಬಹಳ ನೆಗೆಟಿವ್ ಕಣ್ರೀ" ಎಂದರು. ಆ ಪದವನ್ನು ಅಲ್ಲಿಯವರೆಗೆ ನಾನು ಫೋಟೋ ಸ್ಟುಡಿಯೋದಲ್ಲಿ ಮಾತ್ರ ಕೇಳಿದ್ದೆ.

ಮೊದಲ ಎರಡು ವಾರ ಹಾಳಾದವು. ಪತ್ರಿಕೆಯ ಇನ್ನೊಂದು ಪುಟದಲ್ಲಿ ಇಡೀ ರೆಕ್ಕೆಯೇ ಬಾಗುವ ಒಂದು ನಕ್ಷೆ ಇತ್ತು, ಅದು ಬೇಕೆಂದರು. ಬರೆದೆ. ಎಂಜಿನ್ನು ಹೊತ್ತ ರೆಕ್ಕೆಯನ್ನು ಬಾಗಿಸಲು ನಾಲ್ಕು ಆಳು ಬೇಕಾಗುತ್ತದೆಂದು ಗೊತ್ತಾದ ಮೇಲೆ ಬೇಡವೆಂದರು. ಆಮೇಲೆ ರೆಕ್ಕೆಯ ತುದಿಗೆ ಒಂದೊಂದು ಎಂಜಿನ್ನು ಕೂರಿಸಿ ಎಂದರು. "ಒಂದು ನಿಂತು ಇನ್ನೊಂದು ಓಡಿದ್ರೆ ಮಗುಚಿಕೊಳ್ಳತ್ತಲ್ಲ ಸಾರ್" ಎಂದೆ. ಪೈಪು ಬಾಯಿಂದ ತೆಗೆದು ನನ್ನನ್ನು ನೋಡಿದರು. ಮಾರನೆಯ ದಿನ ಅದೇ ಮಾತನ್ನು ತಮ್ಮದೇ ಎಂಬಂತೆ ನನಗೆ ವಿವರಿಸಿದರು.

ಕೊನೆಗೆ ನಿಂತದ್ದು ಅಮೆರಿಕದವರದೇ ವ್ಯವಸ್ಥೆ. ಎಂಜಿನ್ನು ಒಂದೇ, ಅದು ಹೊಟ್ಟೆಯೊಳಗೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಶಾಫ್ಟು ರೆಕ್ಕೆಯೊಳಗೆ ಹಾದು ತುದಿಗೆ ಹೋಗುತ್ತದೆ. ತುದಿಯಲ್ಲಿ ಓರೆಹಲ್ಲಿನ ಎರಡು ಚಕ್ರ. ಅವುಗಳ ಮೇಲೆ ಎದ್ದು ನಿಂತ ಒಂದು ದಂಡ. ದಂಡದ ತಲೆಗೆ ಮೂರು ಅಲಗಿನ ಪಂಖ. ಎರಡೂ ಪಂಖ ಒಂದೇ ಎಂಜಿನ್ನಿಗೆ ಕಟ್ಟುಬಿದ್ದಿರುವುದರಿಂದ ವೇಗ ಒಂದೇ. ಇಷ್ಟು ಬುದ್ಧಿ ಅವರಿಗಿತ್ತು ಎನ್ನುವುದನ್ನು ಒಪ್ಪುತ್ತೇನೆ. ನಮ್ಮ ಎಂಜಿನ್ನು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಮೋಟಾರ್ ಸೈಕಲ್ಲಿನದು. ಅದರ ತೂಕವನ್ನೇ ಅದು ಎತ್ತಲಾರದು ಎಂದು ನಾನು ಲೆಕ್ಕ ಹಾಕಿ ತೋರಿಸಿದಾಗ, ಎತ್ತರದ ಚೌಕಟ್ಟಿಗೆ ಬಾವಿಯ ರಾಟೆ ಕಟ್ಟಿ, ಹಗ್ಗದ ಇನ್ನೊಂದು ತುದಿಗೆ ಮರಳಿನ ಮೂಟೆ ತೂಗಿಬಿಡುವುದೆಂದು ತೀರ್ಮಾನವಾಯಿತು. ಮೇಲೇಳಲು ಬಾವಿಯ ರಾಟೆಯ ಹಂಗು ಬೇಕಾದ ವಿಮಾನವನ್ನು ಪ್ರಪಂಚದಲ್ಲಿ ಮೊದಲು ಮಾಡಿದವರು ನಾವೇ ಇರಬೇಕು.

ದಂಡದ ಉದ್ದ ನನ್ನನ್ನು ಕಾಡುತ್ತಿತ್ತು. ಅಷ್ಟುದ್ದದ ದಂಡದ ತಲೆಯಲ್ಲಿ ಅಷ್ಟು ಭಾರದ ಪಂಖ ಯಾಕೆ? ನಾಲ್ಕಿಂಚು ಕಡಿಮೆ ಮಾಡೋಣವೇ ಎಂದು ಒಂದು ಸಲ ಕೇಳಿದೆ.

"ಫೋಟೋದಲ್ಲಿ ಇಷ್ಟುದ್ದ ಇದೆ. ಕಡಿಮೆ ಮಾಡಿದ್ರೆ ನೋಡೋಕೆ ಸೀಲಿಂಗ್ ಫ್ಯಾನ್ ತರ ಕಾಣುತ್ತೆ."

ಎರಡನೆಯ ಸಲ ಕೇಳಲಿಲ್ಲ. ಚಿಂತೆ ಮಾಡುವವರೆಲ್ಲ ಎಚ್ಚರಿಕೆಯವರೆಂದು ಜನ ತಿಳಿದಿದ್ದಾರೆ. ಅದು ತಪ್ಪು. ನನ್ನಂಥವರು ಚಿಂತೆ ಮಾಡಿ ಸುಸ್ತಾಗಿ, ಬಾಯಿಬಿಡುವ ಹೊತ್ತಿಗೆ ಸುಮ್ಮನಾಗಿರುತ್ತೇವೆ.

ಇನ್ನು ಕಾರ್ಡಿನ ವಿಷಯ. ನಮ್ಮಲ್ಲಿ ಯಾವ ಕೆಲಸ ಪ್ಯಾಟರ್ನ್ ಶೆಡ್ಡಿಗೆ ಹೋಗಬೇಕಾದರೂ ಜೊತೆಗೆ ಒಂದು ಕಾರ್ಡು ಹೋಗಬೇಕು. ಏನು ಕೆಲಸ, ಯಾತಕ್ಕಾಗಿ ಎಂದು ಅದರಲ್ಲಿ ಬರೆಯುವುದು ನನ್ನ ಪಾಲು. ವಿಮಾನದ ಸುದ್ದಿ ಮಾವನಿಗೆ ಈಗಲೇ ತಿಳಿಯುವುದು ಅಳಿಯಂದಿರಿಗೆ ಬೇಕಿರಲಿಲ್ಲ. "ಗಾಣದ ಪಾರ್ಟು, ಎರಕಕ್ಕೆ ಅಂತ ಹಾಕ್ಬಿಡಿ. ಡ್ರಾಯಿಂಗ್ ಬಿಡಿಬಿಡಿಯಾಗಿ ಕೊಡಿ, ಯಾರಿಗೂ ಗೊತ್ತಾಗಲ್ಲ" ಎಂದರು. ಹಾಗೇ ಬರೆದೆ. ನನ್ನ ಕೈಬರಹ ಮುತ್ತಿನಂತಿದೆ ಎಂದು ಎಲ್ಲರೂ ಹೇಳುತ್ತಾರೆ.

ಕಾರ್ಡು ಹೋದದ್ದು ಪ್ಯಾಟರ್ನ್ ಮೇಸ್ತ್ರಿಯ ಕೈಗೆ. ಮೇಸ್ತ್ರಿಯ ತಂದೆ ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಬಂದವರು. ಇವರಿಗೆ ಐವತ್ತು ದಾಟಿತ್ತು. ಎರಕ ಹುಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಕಡೆದು ಕೊಡುವುದು ಇವರ ಕೆಲಸ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಬ್ಬಿಣ ಹುಯ್ಯುತ್ತಾರೆ. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅಡಿಗೆ ಸುಮಾರು ಅರೆಪಾವು ಇಂಚು, ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಆದ್ದರಿಂದ ಮರದ ಅಚ್ಚು ಅಷ್ಟು ದೊಡ್ಡದಾಗಿಯೇ ಇರಬೇಕು. ಪ್ರತಿ ಸಲ ಲೆಕ್ಕ ಹಾಕುವ ಕಷ್ಟ ಬೇಡವೆಂದು ಅವರಿಗೆ ಬೇರೆಯೇ ಸ್ಕೇಲು ಇರುತ್ತದೆ, ಕಾಂಟ್ರಾಕ್ಷನ್ ಸ್ಕೇಲು ಅಂತ. ಅದರಲ್ಲಿ ಒಂದಡಿ ಎಂದು ಬರೆದಿರುವುದು ನಿಜವಾಗಿ ಒಂದಡಿಗಿಂತ ಅರೆಪಾವು ಇಂಚು ಹೆಚ್ಚು. ಎರಕದ ಕೆಲಸಕ್ಕೆ ಬೇರೆ ಸ್ಕೇಲು ಮುಟ್ಟಿದರೆ ಮೇಸ್ತ್ರಿ ಕೈ ತೊಳೆದುಕೊಳ್ಳುವ ಪೈಕಿ.

ಕಾರ್ಡಿನಲ್ಲಿ ಎರಕ ಎಂದಿತ್ತು. ಮೇಸ್ತ್ರಿ ಕಾಂಟ್ರಾಕ್ಷನ್ ಸ್ಕೇಲು ತೆಗೆದರು. ಸಾಗುವಾನಿಯಲ್ಲಿ ಎರಡು ತೊಲೆ, ಹದಿನಾರು ಅಡ್ಡಪಟ್ಟಿ, ಆರು ಅಲಗು, ಅಭ್ಯಾಸದಂತೆ ಒಂದು ಹೆಚ್ಚಿನ ಅಲಗು. ಅದೆಂಥ ಕೆಲಸ! ಅಲಗಿನ ತಿರುವು ಬುಡದಿಂದ ತುದಿಗೆ ಕಡಿಮೆಯಾಗುತ್ತ ಹೋಗುವುದನ್ನು ಬೆರಳಿನಲ್ಲಿ ಸವರಿ ತಿಳಿಯಬಹುದಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಜೋಡಿಸುವ ದಿನ ಮೇಸ್ತ್ರಿಯನ್ನೂ ಕರೆದೆವು. ಬಂದು ನೋಡಿದರು. ತಾವು ಮಾಡಿದ ಮರಕ್ಕೇ ಬಟ್ಟೆ ಹೊದಿಸಿ, ಎಣ್ಣೆ ಬಣ್ಣ ಬಳಿದಿದ್ದನ್ನು ಕಂಡು ಅವರ ಮುಖ ಸಣ್ಣದಾಯಿತು.

"ಏನ್ ಸಾರ್ ಇದು? ಎರಕ ಹುಯ್ಯಲ್ವಾ?"

"ಇಲ್ಲ ಮೇಸ್ತ್ರಿ. ಇದು ವಿಮಾನ."

"ಮರಾನೇ ಹಾರುತ್ತಾ? ಅಯ್ಯಯ್ಯೋ! ಕಾರ್ಡಲ್ಲಿ ಗಾಣ ಅಂತ ಇತ್ತಲ್ಲ ಸಾರ್!"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದೊಂದು ರೆಕ್ಕೆ ನಾಲ್ಕಡಿ. ನಾಲ್ಕು ಅರೆಪಾವು ಅಂದರೆ ಅರ್ಧ ಇಂಚು. ಶಾಫ್ಟುಗಳನ್ನು ಮಾಡಿದ್ದು ಲೇತಿನ ಶೆಡ್ಡಿನಲ್ಲಿ, ಸಾದಾ ಸ್ಕೇಲಿನಲ್ಲಿ. ಅಳೆದು ನೋಡಿದೆ. ಎರಡು ಕಡೆಯೂ ಶಾಫ್ಟಿನ ತುದಿ ಹಲ್ಲುಚಕ್ರಕ್ಕೆ ಅರ್ಧ ಇಂಚು ಹಿಂದೆಯೇ ನಿಂತಿತ್ತು.

ಅಳಿಯಂದಿರು ಬಗ್ಗಿ ನೋಡಿ, "ಅರ್ಧ ಇಂಚು ತಾನೆ? ಪ್ಯಾಕಿಂಗ್ ಕೊಡ್ರೀ" ಎಂದರು. ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ ಸಂದು ತುಂಬಿದೆವು. ಮೇಸ್ತ್ರಿ, "ಎರಡು ದಿವ್ಸ ಕೊಡಿ ಸಾರ್, ರೆಕ್ಕೆ ಬೇರೆ ಮಾಡ್ತೀನಿ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾರೂ ಅಂದರೆ ಅಳಿಯಂದಿರು ಮತ್ತು ನಾನು.

ಶುಕ್ರವಾರ ಬೆಳಿಗ್ಗೆ ಮಲವಗೊಪ್ಪದ ಆಚೆ, ರಸ್ತೆ ಪಕ್ಕದ ಬಯಲಿನಲ್ಲಿ ಚೌಕಟ್ಟು ನಿಲ್ಲಿಸಿದೆವು. ಸುದ್ದಿ ಅಷ್ಟರಲ್ಲಿ ಯಜಮಾನರಿಗೂ ಮುಟ್ಟಿತ್ತು. ಅವರು ಕಾರಿನ ಮುಂದಿನ ಸೀಟಿನಲ್ಲೇ ಕುಳಿತು ನೋಡುತ್ತಿದ್ದರು. ಬಸ್ಸು ನಿಲ್ಲಿಸಿಕೊಂಡು ನೋಡಿದವರೂ ಇದ್ದರು.

ಎಂಜಿನ್ನು ಹತ್ತಿತು. ಪಂಖಗಳು ಆಕಾಶ ನೋಡುತ್ತ ತಿರುಗಿದವು, ಬೆಣ್ಣೆಯ ಹಾಗೆ. ಯಂತ್ರ ನಿಧಾನವಾಗಿ ಎರಡಡಿ ಮೇಲೆದ್ದಿತು, ಅಂದರೆ ಮರಳಿನ ಮೂಟೆ ಎರಡಡಿ ಕೆಳಗಿಳಿಯಿತು. ಜನ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷ ಹಾಗೇ ಓಡಿತು. ಅಳಿಯಂದಿರು ಕೈ ಎತ್ತಿದರು. ಫಿಟ್ಟರು ಹಗ್ಗ ಎಳೆದು ಪಂಖಗಳನ್ನು ಮುಂದಕ್ಕೆ ಬಾಗಿಸಿದ. ಬಲಗಡೆಯ ದಂಡದ ತಲೆ ಸಣ್ಣಗೆ ಸುತ್ತತೊಡಗಿತು, ಮಜ್ಜಿಗೆಯ ಕಡೆಗೋಲಿನ ಹಾಗೆ. ಸುತ್ತು ದೊಡ್ಡದಾಯಿತು. ರೆಕ್ಕೆಯೂ ಅದರ ಜೊತೆ ಸುತ್ತಿತು. "ನಿಲ್ಸಿ! ನಿಲ್ಸಿ!" ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ಒಂದು ಅಲಗು ಕಿತ್ತುಕೊಂಡು ಹೋಗಿ ಯಜಮಾನರ ಕಾರಿನ ಮುಂದಿನ ಗಾಜು ಒಡೆದು, ಅವರು ಕೂರುತ್ತಿದ್ದ ಸೀಟಿನ ಬೆನ್ನಿಗೆ ನಾಟಿಕೊಂಡಿತು.

ಆ ಗಳಿಗೆಯಲ್ಲಿ ಯಜಮಾನರು ಎಲೆ ಅಡಿಕೆ ಉಗಿಯಲೆಂದು ಕಾರಿನಿಂದ ಇಳಿದಿದ್ದರು. ಅವರಿಗೆ ಅರವತ್ತೆರಡು ವರ್ಷ. ಅಷ್ಟು ವರ್ಷದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಉಗುಳು ಇನ್ನೊಂದಿರಲಿಕ್ಕಿಲ್ಲ.

ಅವರು ಸೀಟನ್ನೊಮ್ಮೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಯಾರು ಇದನ್ನ ಮಾಡಿದ್ದು?"

ಅಳಿಯಂದಿರ ಪೈಪು ಮೇಸ್ತ್ರಿಯ ಕಡೆ ತಿರುಗಿತು. "ತಪ್ಪು ಸ್ಕೇಲಲ್ಲಿ ರೆಕ್ಕೆ ಮಾಡಿದಾರೆ ಮಾವ. ಅರ್ಧ ಇಂಚು ಉದ್ದ. ಅದಕ್ಕೇ ಅಲುಗಾಡಿ ಕಿತ್ಕೊಂಡಿದ್ದು."

"ಸೋಮವಾರದಿಂದ ಬರೋದು ಬೇಡ" ಎಂದರು ಯಜಮಾನರು. "ಡ್ರಾಫ್ಟ್ಸ್‌ಮನ್ನು ರಿಪೋರ್ಟು ಬರ್ದು ಕೊಡ್ಲಿ. ಇಪ್ಪತ್ತಾರು ವರ್ಷ ಕೆಲಸ ಮಾಡಿದೋನ್ನ ಸುಮ್ನೆ ಕಳಿಸ್ದೆ ಅಂತ ಯಾರೂ ಅನ್ಬಾರ್ದು."

ಮೇಸ್ತ್ರಿ ನನ್ನ ಮುಖ ನೋಡಿದರು. ಕಾರ್ಡು ಬರೆದವನು ನಾನೆಂಬುದು ಅವರಿಗೆ ಗೊತ್ತು. ನಾನು ನೆಲದ ಮೇಲೆ ಬಿದ್ದಿದ್ದ ಗಾಜಿನ ಚೂರುಗಳನ್ನು ಆರಿಸಲು ಬಗ್ಗಿದೆ. ಅದು ನನ್ನ ಕೆಲಸವಾಗಿರಲಿಲ್ಲ.

ಶನಿವಾರ ರಿಪೋರ್ಟು ಬರೆದೆ. ಬಲು ಸುಲಭವಾಗಿ ಬಂತು. ರೆಕ್ಕೆಗಳು ನಕ್ಷೆಯಲ್ಲಿದ್ದುದಕ್ಕಿಂತ ಅರ್ಧ ಇಂಚು ಉದ್ದವಾಗಿದ್ದವು. ಪ್ಯಾಟರ್ನ್ ವಿಭಾಗ ಎರಕದ ಸ್ಕೇಲನ್ನು ಬಳಸಿದ್ದೇ ಇದಕ್ಕೆ ಕಾರಣ. ಇದರಿಂದ ಶಾಫ್ಟು ಸರಿಯಾಗಿ ಕೂರಲಿಲ್ಲ. ಸಹಿ ಹಾಕಿ ಅಳಿಯಂದಿರ ಕೈಗೆ ಕೊಟ್ಟು ಸಂಜೆಯ ಬಸ್ಸು ಹತ್ತಿದೆ.

ಮನೆಯಲ್ಲಿ ಹೆಂಡತಿ ಕೇಳಿದಳು. "ಅಲ್ರೀ, ಬರೆದಿದ್ದು ಸುಳ್ಳಾ?"

"ಒಂದಕ್ಷರ ಸುಳ್ಳಿಲ್ಲ. ಅರ್ಧ ಇಂಚು ಉದ್ದ ಇರೋದು ನಿಜ."

"ಮತ್ಯಾಕೆ ತಟ್ಟೆ ಮುಂದೆ ಹಿಂಗೆ ಕೂತಿದೀರಾ? ಅನ್ನ ಏನು ಅಳತೆ ತಪ್ಪಿದೆಯಾ?"

ನನ್ನನ್ನು ಕಾಡಿದ್ದು ಧರ್ಮವಲ್ಲ. ಓದುವವರು ಹಾಗೆ ಅಂದುಕೊಂಡರೆ ನನಗೆ ಲಾಭವೇ, ಆದರೆ ಅಲ್ಲ. ಕಾಡಿದ್ದು ಹೆದರಿಕೆ. ಯಜಮಾನರು ಮಂಡಿಯಲ್ಲಿ ಕುಳಿತು ನಲವತ್ತು ವರ್ಷ ಜನರ ಮಾತಿನ ಸಂದು ಹುಡುಕಿದವರು. ಸೋಮವಾರ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರೆ? ರೆಕ್ಕೆ ಅರ್ಧ ಇಂಚು ಉದ್ದವಾಗಿದ್ದದ್ದು ಪಂಖ ಆಕಾಶ ನೋಡುತ್ತಿದ್ದಾಗಲೂ ನಿಜ, ಮುಂದೆ ನೋಡುತ್ತಿದ್ದಾಗಲೂ ನಿಜ. ಹಾಗಿದ್ದರೆ ಮೊದಲ ಹತ್ತು ನಿಮಿಷ ಯಾಕೆ ಅಲುಗಲಿಲ್ಲ? ಅಲುಗಿದ್ದು ಬಾಗಿದ ಮೇಲೆ ಮಾತ್ರ. ಬಾಗಿದಾಗ ಬದಲಾಗುವುದೇನು? ದಂಡ ನೆಟ್ಟಗಿದ್ದಾಗ ಅದರ ಬುಡ ಒಂದು ದಪ್ಪ ಗೂಟಕ್ಕೆ ಆತುಕೊಂಡಿರುತ್ತದೆ. ಬಾಗಿದಾಗ ಅದನ್ನು ಹಿಡಿದಿರುವುದು ಬೆರಳು ದಪ್ಪದ ಒಂದು ಸರಳು ಮಾತ್ರ. ಅಷ್ಟುದ್ದದ ದಂಡ, ಅದರ ತಲೆಯಲ್ಲಿ ಮೂರು ಅಲಗು, ಬುಡದಲ್ಲಿ ಆಸರೆ ಇಲ್ಲ. ಮೇಸ್ತ್ರಿಯ ಸ್ಕೇಲಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇದು ಬರಿಯ ಯೋಚನೆ. ಮಾಡಿ ನೋಡಬೇಕಿತ್ತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಮೇಸ್ತ್ರಿಯ ಮನೆಯ ಬಾಗಿಲು ತಟ್ಟಿದೆ. ದಂಡದ ಬಗ್ಗೆ ಯೋಚಿಸಿದ್ದನ್ನೆಲ್ಲ ಹೇಳಿದೆ. ಶನಿವಾರದ ರಿಪೋರ್ಟಿನ ವಿಷಯ ಮಾತ್ರ ಹೇಳಲಿಲ್ಲ. "ಇನ್ನೂ ಬರೀಬೇಕು" ಎಂದೂ ಹೇಳಲಿಲ್ಲ; ಅವರೇ ಹಾಗೆ ತಿಳಿದುಕೊಂಡರು, ನಾನು ತಿದ್ದಲಿಲ್ಲ.

"ನಡೀರಿ ಸಾರ್" ಎಂದು ಅಂಗಿ ಹಾಕಿಕೊಂಡರು. ಹಿಂದಿನಿಂದ ಅವರ ಹೆಂಡತಿ ಊಟದ ಡಬ್ಬಿ ತಂದುಕೊಟ್ಟರು.

ವಾಚ್‌ಮನ್ ಗೇಟು ತೆಗೆದ. ಲೇತಿನಲ್ಲಿ ಇಬ್ಬರೂ ಸೇರಿ ಎರಡು ಹೊಸ ಶಾಫ್ಟು ಕಡೆದೆವು, ಈಗಿರುವ ರೆಕ್ಕೆಯ ಉದ್ದಕ್ಕೇ ಸರಿಯಾಗಿ. ಕಿತ್ತುಹೋದ ಅಲಗಿನ ಜಾಗಕ್ಕೆ ಮೇಸ್ತ್ರಿ ಮಾಡಿಟ್ಟಿದ್ದ ಹೆಚ್ಚಿನ ಅಲಗು ಬಂತು. ಅದನ್ನು ಇನ್ನೆರಡರ ತೂಕಕ್ಕೆ ಸಮ ಮಾಡಲು ಅವರು ಒಂದು ಗಂಟೆ ತೆಗೆದುಕೊಂಡರು. ಉಜ್ಜುವುದು, ತೂಗುವುದು, ಮತ್ತೆ ಉಜ್ಜುವುದು. ವಾಷರುಗಳನ್ನೆಲ್ಲ ತೆಗೆದು ಬಿಸಾಡಿದೆವು. ಶಾಫ್ಟು ಹಲ್ಲುಚಕ್ರಕ್ಕೆ ಕೂದಲೆಳೆಯ ಸಂದಿಲ್ಲದೆ ಕೂತಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಡಬ್ಬಿಯ ಚಿತ್ರಾನ್ನದಲ್ಲಿ ಹೆಚ್ಚು ಪಾಲನ್ನು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳಿದರು.

"ತಿನ್ನಿ ಸಾರ್. ನೀವ್ ಇವತ್ತು ಬರ್ದೇ ಇದ್ದಿದ್ರೆ ನಾಳೆಯಿಂದ ನಂಗೆ ಡಬ್ಬಿ ತರೋ ಕೆಲ್ಸಾನೇ ಇರಲ್ಲ" ಎಂದು ನಕ್ಕರು.

ತಿಂದೆ. ಉಪ್ಪು ಹುಳಿ ಎಲ್ಲ ಸರಿಯಾಗಿತ್ತು ಎನ್ನುವುದು ಈಗಲೂ ನೆನಪಿದೆ.

ಎರಕದ ಶೆಡ್ಡಿನಲ್ಲಿ ಕಬ್ಬಿಣದ ಮೋಲ್ಡಿಂಗ್ ಪೆಟ್ಟಿಗೆಗಳನ್ನು ಎದೆಯೆತ್ತರ ಪೇರಿಸಿ ಅದರ ಹಿಂದೆ ನಿಂತು ಎಂಜಿನ್ನು ಓಡಿಸಿದೆವು. ನೆಟ್ಟಗೆ, ಬೆಣ್ಣೆ. ಹಗ್ಗ ಎಳೆದು ಬಾಗಿಸಿದೆವು. ಬಲದಂಡದ ತಲೆ ಅದೇ ಕಡೆಗೋಲಿನ ಸುತ್ತು ಶುರುಮಾಡಿತು. ತಕ್ಷಣ ಎಂಜಿನ್ನು ಆರಿಸಿದೆ. ಇನ್ನೊಮ್ಮೆ ಓಡಿಸಿದೆವು, ಇನ್ನೊಮ್ಮೆ ಅದೇ.

ಮೇಸ್ತ್ರಿ ಪೆಟ್ಟಿಗೆಗಳ ಹಿಂದಿನಿಂದ ಎದ್ದು ಬಂದು ದಂಡವನ್ನು ಕೈಯಲ್ಲಿ ಅಲುಗಿಸಿ ನೋಡಿದರು. "ಒರಗೋಕೆ ಗೋಡೆ ಇಲ್ದೆ ಮುದುಕನ್ನ ನಿಲ್ಸಿ, ತಲೆ ಮೇಲೆ ಬಿಂದ್ಗೆ ಇಟ್ರೆ ನಡುಗ್ದೆ ಇರ್ತಾನಾ ಸಾರ್?"

ಅವರು ಹೇಳಿದ್ದನ್ನೇ ಮಾಡಿದೆವು. ದಂಡಗಳನ್ನು ನಾಲ್ಕಿಂಚು ಕತ್ತರಿಸಿದೆವು. ಬಾಗಿದಾಗಲೂ ಬುಡ ಆತುಕೊಳ್ಳುವಂತೆ ಮುಂದುಗಡೆಯೂ ಒಂದೊಂದು ಗೂಟ. ರೆಕ್ಕೆಯ ಕೆಳಗಿನಿಂದ ಹೊಟ್ಟೆಗೆ ಒಂದೊಂದು ಓರೆ ಆಸರೆ. ಮತ್ತೆ ಓಡಿಸಿದಾಗ ಸುತ್ತು ಪೂರ್ತಿ ಹೋಗಲಿಲ್ಲ, ಆದರೆ ಬೆಳೆಯಲಿಲ್ಲ. ಸಣ್ಣಗೆ ನಡುಗುತ್ತ ಅಲ್ಲೇ ನಿಂತಿತು. ರೆಕ್ಕೆಯ ಉದ್ದ ಅದೇ, ಅರ್ಧ ಇಂಚು ಹೆಚ್ಚು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮೇಸ್ತ್ರಿ ನನ್ನ ಭುಜ ತಟ್ಟಿದರು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಸೋಮವಾರ ಭದ್ರಾವತಿಯ ಬಸ್ಸು ಹತ್ತದೆ ಗಾಂಧಿ ಬಜಾರಿನ ಮಂಡಿಗೆ ಹೋದೆ. ಯಜಮಾನರು ದಿಂಬಿಗೆ ಒರಗಿ ಕುಳಿತಿದ್ದರು. ನನ್ನ ಹೊಸ ರಿಪೋರ್ಟು ಓದಿದರು, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. ಡೆಸ್ಕಿನಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟರು.

"ಏನ್ ಮಾರಾಯ, ಶನಿವಾರ ಒಂದು ಸತ್ಯ, ಸೋಮವಾರ ಒಂದು ಸತ್ಯ. ಬುಧವಾರಕ್ಕೆ ಏನಿಟ್ಟಿದೀಯಾ?"

"ಇದೇ ಕೊನೇದು ಯಜಮಾನ್ರೆ."

"ಕಾರ್ಡಲ್ಲಿ ಗಾಣದ ಪಾರ್ಟು ಅಂತ ನೀನೇ ಬರ್ದಿದ್ದಾ?"

"ನಾನೇ."

"ಬರಿ ಅಂದೋರು?"

ಅವರಿಗೆ ಉತ್ತರ ಬೇಕಿರಲಿಲ್ಲ.

"ದಂಡ ಉದ್ದ ಆಯ್ತು ಅಂತ ಮೊದ್ಲೇ ಹೇಳಿದ್ಯಾ?"

"ಒಂದ್ಸಲ ಹೇಳ್ದೆ."

"ಒಂದ್ಸಲ!" ಎಂದರು. "ನನ್ನ ಎದೆಗೆ ಬರೋ ಅಲಗಿಗೆ ಒಂದ್ಸಲ ಹೇಳ್ದೆ! ನನ್ ಎತ್ತಿಗೆ ಹುಲ್ಲು ಹಾಕು ಅಂತ ಆಳಿಗೆ ನಾನು ಮೂರ್ಸಲ ಹೇಳ್ತೀನಿ ಕಣಯ್ಯಾ."

ಆಮೇಲೆ ಎರಡು ರಿಪೋರ್ಟನ್ನೂ ಮಡಿಸಿ ಡೆಸ್ಕಿನೊಳಗೆ ಇಟ್ಟರು. "ಈಗ ಯಾರನ್ನ ಮನೆಗೆ ಕಳಿಸ್ಲಿ? ಅಳಿಯನ್ನ ಕಳಿಸೋಣ ಅಂದ್ರೆ ಅವನು ಮನೇಲೇ ಇದಾನೆ." ಅವರೇ ನಕ್ಕು, ನಗುವನ್ನು ಅರ್ಧಕ್ಕೆ ನಿಲ್ಲಿಸಿದರು. "ಮೇಸ್ತ್ರಿ ಇರ್ಲಿ. ಪ್ರದರ್ಶನಕ್ಕೆ ಆ ಪಿಶಾಚಿ ಹೋಗ್ಲಿ, ಹೆಸರು ಕೊಟ್ಟಾಗಿದೆ. ಆದ್ರೆ ತಿರುಗ್ಬಾರ್ದು. ಹಗ್ಗ ಹಾಕಿ ಕಟ್ಟಿ. ಪಕ್ಕದಲ್ಲಿ ನೀನು ನಿಂತ್ಕೊಂಡು ಜನಕ್ಕೆ ವಿವರಿಸು. ಎರಡು ತರ ವಿವರಿಸೋದು ನಿಂಗೆ ಬರುತ್ತಲ್ಲ."

ಪ್ರದರ್ಶನ ಮುಗಿಯುವವರೆಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ನಿಂತೆ. ಪಂಖಗಳನ್ನು ಸುತಲಿ ಹಗ್ಗದಿಂದ ಬಿಗಿದಿತ್ತು. ಕೆಳಗೆ ಅಳಿಯಂದಿರ ಹೆಸರಿನ ದೊಡ್ಡ ಬೋರ್ಡು. ಬಂದವರಲ್ಲಿ ಒಬ್ಬ ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಂಟೆಗೆ ಎಷ್ಟು ಸೇರು ಬೀಸುತ್ತಪ್ಪಾ ಇದು?" ಎಂದು ಕೇಳಿದರು. ಬಂದವರಲ್ಲೆಲ್ಲ ಅವರೇ ವಾಸಿ ಎನಿಸಿತು. ಯಂತ್ರ ಅಂದಮೇಲೆ ಏನಾದರೂ ಮಾಡಬೇಕು ಎಂದಾದರೂ ಅವರಿಗೆ ಗೊತ್ತಿತ್ತು.

ಪ್ರದರ್ಶನ ಮುಗಿದು ಕೆಲವು ದಿನಕ್ಕೆ ಅಳಿಯಂದಿರ ಪತ್ರಿಕೆಯ ಹೊಸ ಸಂಚಿಕೆ ಬಂತು. ಅಮೆರಿಕದವರ ಯಂತ್ರಕ್ಕೂ ಅದೇ ರೋಗ. ಪಂಖ ಮುಂದಕ್ಕೆ ಬಾಗುವಾಗ ದಂಡ ನಡುಗಿ, ಯಂತ್ರ ಬಿದ್ದು, ಓಡಿಸುತ್ತಿದ್ದವನಿಗೆ ಬಲವಾದ ಪೆಟ್ಟಾಗಿತ್ತು. ಈಗ ಅವರು ದಂಡವನ್ನು ಗಿಡ್ಡ ಮಾಡಿ, ರೆಕ್ಕೆಗೆ ಆಸರೆ ಕೊಟ್ಟು, ಮೂರು ಅಲಗಿನ ಬದಲು ಎರಡೇ ಅಲಗಿನ ಪಂಖ ಹಾಕಿ ನೋಡುತ್ತಿದ್ದಾರೆಂದು ಬರೆದಿತ್ತು. ನಮ್ಮದರಲ್ಲಿ ಯಾರೂ ಕುಳಿತಿರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ಕುಳಿತಿದ್ದ.

ಅಳಿಯಂದಿರು ಮಾತ್ರ ಬಹಳ ಖುಷಿಯಲ್ಲಿದ್ದರು. "ನೋಡಿದ್ರೇನ್ರೀ? ನಮ್ಮ ಮಾಡೆಲ್ಲಿಗೆ ಬಂದ ಪ್ರಾಬ್ಲಮ್ಮೇ ಅವರಿಗೂ ಬಂದಿದೆ. ಅಂದ್ರೆ ನಾವು ಅಮೆರಿಕದಷ್ಟೇ ಮುಂದೆ ಇದೀವಿ!" ಇಂಥ ಮನುಷ್ಯನಿಗೆ ಏನು ಹೇಳುವುದು? ಹೌದು ಸಾರ್ ಎಂದೆ.

ಮೇಸ್ತ್ರಿ ಕೆಲಸದಲ್ಲಿ ಉಳಿದರು. ಅವರನ್ನು ಉಳಿಸಿದೆನೆಂದು ಒಂದು ವಾರ ನಾನು ಸ್ವಲ್ಪ ಎದೆಯೆತ್ತಿಯೇ ಓಡಾಡಿದೆ. ಆಮೇಲೆ ಒಂದು ದಿನ ಅವರನ್ನು ಯಜಮಾನರು ಮಂಡಿಗೆ ಕರೆಸಿಕೊಂಡಿದ್ದರಂತೆ. ಇನ್ನು ಮೇಲೆ ಹುಷಾರಾಗಿರು ಎಂದು ಬುದ್ಧಿ ಹೇಳಿ, "ನಿನ್ ಜೊತೆ ಚೆನ್ನಾಗಿರೋ ಡ್ರಾಫ್ಟ್ಸ್‌ಮನ್ನೇ ಮೊದ್ಲು ಏನು ಬರ್ದಿದ್ದ ನೋಡು" ಎಂದು ಶನಿವಾರದ ಕಾಗದವನ್ನು ತೋರಿಸಿದರಂತೆ. ಇಬ್ಬರು ಕೆಲಸಗಾರರು ತೀರ ಒಂದಾಗಿರುವುದು ಯಾವ ಯಜಮಾನನಿಗೂ ಹಿಡಿಸುವುದಿಲ್ಲ. ಅವರ ಕೈಗೆ ಆ ಕಾಗದ ಸಿಗುವಂತೆ ಬರೆದುಕೊಟ್ಟವನು ನಾನು.

ಮಾರನೆಯ ದಿನ ಗಾಣದ ಹಲ್ಲುಚಕ್ರದ ಡ್ರಾಯಿಂಗು ಹಿಡಿದುಕೊಂಡು ಪ್ಯಾಟರ್ನ್ ಶೆಡ್ಡಿಗೆ ಹೋದೆ. ಮೇಸ್ತ್ರಿ ಉಳಿ ಮಸೆಯುತ್ತಿದ್ದರು. ಡ್ರಾಯಿಂಗು ತೆಗೆದುಕೊಂಡು, ಬಿಡಿಸಿ ನೋಡಿ, ನನ್ನ ಕಡೆಗೇ ತಿರುಗಿಸಿ ಬೆಂಚಿನ ಮೇಲಿಟ್ಟರು. ಕಿವಿಯ ಸಂದಿನ ಪೆನ್ಸಿಲ್ಲನ್ನು ಅದರ ಮೇಲೆ ಇಟ್ಟರು.

"ಯಾವ ಸ್ಕೇಲು ಅಂತ ಬರ್ದು ಸೈನ್ ಹಾಕಿ ಸಾರ್."

"ಗಾಣದ ಚಕ್ರ ಮೇಸ್ತ್ರಿ. ಎರಕದ್ದೇ. ನಿಮಗೆ ಗೊತ್ತಿರೋದೇ ಅಲ್ವಾ?"

"ಗೊತ್ತು ಸಾರ್. ಬರೀರಿ."

ಬರೆದೆ. ಸಹಿ ಹಾಕಿದೆ. ಅವರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಭಾನುವಾರ ಊಟಕ್ಕೆ ಕೂತಾಗ ಆ ಕಾಗ್ದ ಕೊಟ್ಟಾಗಿತ್ತಲ್ಲ ಸಾರ್?"

"ಆಗಿತ್ತು."

"ಹೂಂ" ಎಂದು ಉಳಿ ಎತ್ತಿಕೊಂಡರು.

ಆಮೇಲೆ ಏಳು ವರ್ಷ ಒಂದೇ ಅಂಗಳದಲ್ಲಿ ಕೆಲಸ ಮಾಡಿದೆವು. ಹಬ್ಬಕ್ಕೆ ನಮ್ಮ ಮನೆಗೆ ಬಂದರು, ಅವರ ಮಗಳ ಮದುವೆಗೆ ಕರೆದರು, ಸಿಕ್ಕಾಗಲೆಲ್ಲ ನಮಸ್ಕಾರ ಹೇಳಿದರು. ಆದರೆ ನಿವೃತ್ತರಾಗುವ ದಿನದವರೆಗೂ ನನ್ನ ಒಂದು ಡ್ರಾಯಿಂಗನ್ನೂ ಸಹಿ ಇಲ್ಲದೆ ಅವರು ಮುಟ್ಟಲಿಲ್ಲ.